ಬೆನ್ನಿನ ನಕ್ಷೆ

ಮೊಬಾರಾ, ಚಿಬಾ
19 ಮೇ 2024, ಭಾನುವಾರ ಬೆಳಗ್ಗೆ

ಪ್ರೀತಿಯ ರ್ಯೋ,

ನೀನೂ ಸೆತ್ಸುಕೊ ಅವರೂ ಚೆನ್ನಾಗಿದ್ದೀರಿ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ತೊಯಾಮಾ ಕಡೆ ಈಗ ಗದ್ದೆಗಳಿಗೆ ನೀರು ಬಿಟ್ಟಿರಬೇಕು. ಹೊಸ ವರ್ಷದ ದಿನ ಸಂಜೆ ನಿಮ್ಮ ಕಡೆ ನೆಲ ನಡುಗಿದ ಸುದ್ದಿ ಬಂದಾಗ ನಾನು ಫೋನ್ ಎತ್ತಿಕೊಂಡೆ, ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ. ಕೊನೆಗೆ ಮಾಡಲೇ ಇಲ್ಲ. ಆಮೇಲೆ ಹದಿನೈದು ದಿನ ಪತ್ರಿಕೆಯಲ್ಲಿ ಬಂದ ಹೆಸರುಗಳನ್ನೆಲ್ಲ ಒಂದೊಂದಾಗಿ ಓದಿದೆ. ನಿಮ್ಮ ಹೆಸರು ಎಲ್ಲಿಯೂ ಇರಲಿಲ್ಲ. ನಮ್ಮ ಫುಮಿಯೆ, “ಅಷ್ಟು ಕಷ್ಟಪಟ್ಟು ಓದೋ ಬದಲು ಒಂದು ಸಲ ಫೋನ್ ಮಾಡಿ ಕೇಳಬಾರದಾ?” ಎಂದಳು. ಕೇಳಬಹುದಿತ್ತು.

ತಡವಾಯಿತು, ಕ್ಷಮಿಸು ಎಂದು ಬರೆದರೆ ನಿನಗೆ ನಗು ಬರುತ್ತದೆ. ಹತ್ತೂವರೆ ವರ್ಷದ ತಡಕ್ಕೆ ಬೇರೆ ಮಾತು ಇರಬೇಕು, ನನಗೆ ಅದು ಗೊತ್ತಿಲ್ಲ. 2015ರಲ್ಲಿ ಬಂದ ನಿನ್ನ ಹೊಸ ವರ್ಷದ ಕಾರ್ಡಿನಲ್ಲಿದ್ದ ವಿಳಾಸಕ್ಕೇ ಇದನ್ನು ಕಳಿಸುತ್ತಿದ್ದೇನೆ. ಮನೆ ಬದಲಾಯಿಸಿದ್ದರೆ ಪತ್ರ ವಾಪಸ್ ಬರುತ್ತದೆ. ಬಂದರೆ ಇನ್ನೊಂದು ದಾರಿ ಹುಡುಕುತ್ತೇನೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ರೈಲ್ವೆಯಿಂದ ನಾನು ಎರಡು ವರ್ಷದ ಹಿಂದೆ ನಿವೃತ್ತನಾದೆ. ನಮ್ಮ ಹಳಿ ತಪಾಸಣೆಯ ತಂಡದಲ್ಲಿ ಈಗ ನಮ್ಮ ಕಾಲದವರು ಯಾರೂ ಇಲ್ಲ, ಸುತ್ತಿಗೆಯಿಂದ ಬಡಿದು ಸದ್ದು ಕೇಳುವ ಕೆಲಸವನ್ನೂ ಯಂತ್ರವೇ ಮಾಡುತ್ತದೆ. ಒತಾಕಿಯ ಆಟದ ಕಾಡಿನ ಕಾನೆದಾ ಯಜಮಾನರು ಮೂರು ವರ್ಷದ ಹಿಂದೆ ತೀರಿಕೊಂಡರು. ಕಾಡನ್ನು ಈಗ ಅವರ ಹೆಂಡತಿ ಯಾಸುಯೊ ಅವರೇ ನಡೆಸುತ್ತಿದ್ದಾರೆ. 2019ರ ಚಂಡಮಾರುತದಲ್ಲಿ ಪೂರ್ವದ ಇಳಿಜಾರಿನ ಸೀಡರ್ ಮರಗಳು ಸಾಲಾಗಿ ಮಲಗಿದವು. ಆ ಜಾಗವೆಲ್ಲ ಬಿದಿರು ನುಗ್ಗಿದೆ. ನೀನು ಅಲ್ಲಿಗೆ ಈಗ ಬಂದರೆ ದಾರಿ ತಪ್ಪುತ್ತೀಯ. ಮಧ್ಯಾಹ್ನದ ಕರ್ರಿ ಸಾರಿನ ಅನ್ನ ಮಾತ್ರ ಅದೇ ರುಚಿ, ಆಲೂಗಡ್ಡೆ ಈಗಲೂ ಹಾಗೇ ಅರ್ಧ ಬೆಂದಿರುತ್ತದೆ.

ನಾನು ಇನ್ನೂ ಆಡುತ್ತಿದ್ದೇನೆ, ರ್ಯೋ. ತಿಂಗಳಿಗೆ ಎರಡು ಭಾನುವಾರ. ಅರವತ್ತೆರಡು ವರ್ಷದವನು ಕಾಡುಬಣ್ಣದ ಅಂಗಿ ಹಾಕಿಕೊಂಡು, ಆಟದ ಬಂದೂಕು ಹಿಡಿದು, ಪೊದೆಯೊಳಗೆ ಮಂಡಿಯೂರಿ ಕೂರುವುದನ್ನು ನೋಡಿ ಹುಡುಗರು ಮೊದಮೊದಲು ಮರ್ಯಾದೆ ಕೊಡುತ್ತಿದ್ದರು. ಈ ವರ್ಷ ಅದು ನಿಂತಿತು. ಯಾಕೆ ನಿಂತಿತು ಎಂದು ಹೇಳುವುದಕ್ಕೇ ಈ ಪತ್ರ.

ಫೆಬ್ರವರಿ 11, ಭಾನುವಾರ. ವಿಪರೀತ ಚಳಿ. ನೆಲದ ಮೇಲೆ ಮಂಜು ಗಟ್ಟಿಯಾಗಿ ಕೂತಿತ್ತು. ಬೆಳಗಿನ ಮೂರನೇ ಆಟ ಮುಗಿಸಿ ಬಂದು ನಾನು ಆಟದ ಕನ್ನಡಕ ಒರೆಸುತ್ತಿದ್ದೆ. ಯಾಸುಯೊ ಅವರು ಅಡುಗೆ ಗುಡಾರದ ಹಿಂದಿನಿಂದ ಕೂಗಿದರು.

“ನೆಗಿಶಿ ಅವರೇ, ಈ ಅನ್ನದ ಡಬ್ಬಿ ಎತ್ತೋಕೆ ಸ್ವಲ್ಪ ಕೈ ಕೊಡಿ.”

ಹೋದರೆ ಡಬ್ಬಿ ಆಗಲೇ ಮೇಜಿನ ಮೇಲಿತ್ತು. ಅವರ ಜೊತೆ ನಾತ್ಸುಮೆ ಎಂಬ ಹೆಣ್ಣುಮಗಳೂ ಅವಳ ಗಂಡನೂ ನಿಂತಿದ್ದರು. ನಾತ್ಸುಮೆ ಹಲ್ಲಿನ ದವಾಖಾನೆಯಲ್ಲಿ ಕೆಲಸ ಮಾಡುತ್ತಾಳೆ, ಮೂವತ್ತರ ಆಸುಪಾಸು, ಒಳ್ಳೆಯ ಗುರಿಗಾರ್ತಿ. ಗುರಿ ನೋಡುವ ದುರ್ಬೀನಿಗೆ ಸಣ್ಣ ಕ್ಯಾಮೆರಾ ಕೂಡಿಸಿಕೊಂಡಿದ್ದಾಳೆ. ಈಗ ಎಲ್ಲರ ಹತ್ತಿರವೂ ಅದು ಇರುತ್ತದೆ.

“ಕೋಪ ಮಾಡ್ಕೋಬೇಡಿ, ಇದನ್ನೊಂದು ಸಲ ನೋಡಿ,” ಎಂದು ಯಾಸುಯೊ ಫೋನ್ ಕೊಟ್ಟರು.

ಬಿದಿರಿನ ನಡುವೆ ಒಬ್ಬ ಮುದುಕ ನಡೆದು ಹೋಗುತ್ತಿದ್ದ. ಬಿಳಿ ಗುಂಡೊಂದು ಹಾರಿ ಬಂದು ಅವನ ಬೆನ್ನಿನ ಎಡಭಾಗಕ್ಕೆ ಬಡಿದು ಸಿಡಿದು ಹಿಂದಕ್ಕೆ ಹಾರಿತು. ಮತ್ತೊಂದು. ಇನ್ನೂ ಎರಡು. ಮುದುಕ ತಿರುಗಿಯೂ ನೋಡಲಿಲ್ಲ. ಹತ್ತು ಹೆಜ್ಜೆ ಮುಂದೆ ಹೋಗಿ, ಮಂಡಿಯೂರಿ, ಎದುರು ತಂಡದ ಇಬ್ಬರನ್ನು ಹೊಡೆದ.

“ಯಾರಿದು?” ಎಂದೆ.

“ನೀವೇ,” ಎಂದರು ಯಾಸುಯೊ. “ಎಡಗಾಲು ಎಳೆದು ಹಾಕೋ ನಡಿಗೆ ಇನ್ಯಾರದು?”

ನಾತ್ಸುಮೆ ತಲೆ ತಗ್ಗಿಸಿ, “ನೆಗಿಶಿ ಅವರೇ, ನೀವು ಸುಳ್ಳು ಹೇಳ್ತೀರಿ ಅಂತ ನಾನು ಅಂತಿಲ್ಲ. ನಾಲ್ಕು ಹೊಡೆದೆ. ನೀವು ಸುಮ್ಮನೆ ನಡ್ಕೊಂಡು ಹೋದ್ರಿ. ನನಗೇ ಭಯ ಆಯ್ತು,” ಎಂದಳು.

ಅವಳ ಗಂಡ ಅಷ್ಟು ನಯಸ್ಥನಲ್ಲ. “ಇದೇನು ಮೊದಲನೇ ಸಲ ಅಲ್ಲ ಬಿಡಿ. ಹೊಸ ವರ್ಷದಿಂದ ಎಲ್ಲರೂ ನಿಮ್ಮನ್ನ ಜೋಂಬಿ ತಾತ ಅಂತಾರೆ. ಎದುರಿಗೆ ಹೇಳಲ್ಲ, ಅಷ್ಟೆ. ಸತ್ತ ಮೇಲೂ ನಡೀತೀರಲ್ಲ, ಅದಕ್ಕೆ.”

ನಾನು ಆ ಚಿತ್ರವನ್ನು ಆರು ಸಲ ನೋಡಿದೆ. ಗುಂಡು ತಾಗಿದ್ದು ಆರೂ ಸಲವೂ ಕಂಡಿತು. ನನಗೆ ತಾಗಿರಲಿಲ್ಲ. ಈ ಎರಡೂ ವಾಕ್ಯ ಒಟ್ಟಿಗೆ ನಿಜವಾಗಿರುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ಅಲ್ಲಿ ನಿಂತು ಬಾಯಿಬಿಟ್ಟು ಆಣೆ ಮಾಡಿದ್ದರೆ ಸುಳ್ಳುಗಾರನಂತೆ ಕಾಣುತ್ತಿದ್ದೆ, ತಲೆ ಬಾಗಿಸಿ ಕ್ಷಮೆ ಕೇಳಿದ್ದರೂ ಸುಳ್ಳುಗಾರನೇ. ಕರ್ರಿ ಅನ್ನ ತಿನ್ನದೆ ಸಾಮಾನು ಕಟ್ಟಿದೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಆದರೂ ಬರೆಯುತ್ತೇನೆ. ನನಗೆ ಈ ಆಟ ಕಲಿಸಿದವನು ನೀನು. 1986ರಲ್ಲಿ, ನಮ್ಮಿಬ್ಬರಿಗೂ ಇಪ್ಪತ್ತನಾಲ್ಕು, ರಜೆಯ ದಿನ ಆ ಕಾಡಿನ ಅಂಚಿನಲ್ಲಿ ಕೂರಿಸಿಕೊಂಡು ಹೇಳಿದೆ: “ನೋಡೋ ಕುನಿ, ಗುಂಡು ಆರು ಮಿಲಿಮೀಟರು, ಪ್ಲಾಸ್ಟಿಕ್ಕು. ಬಣ್ಣ ಅಂಟಲ್ಲ, ಗುರುತು ಉಳಿಯಲ್ಲ. ತಾಗಿದೆ ಅಂತ ತಾಗಿದವನಿಗೆ ಮಾತ್ರ ಗೊತ್ತು. ಅವನೇ ಕೈ ಎತ್ತಿ ‘ಹಿಟ್’ ಅಂತ ಕೂಗಿ ಹೊರಗೆ ನಡೀಬೇಕು. ಹೊಡೆದವನು ಯಾವತ್ತೂ ಕೇಳೋ ಹಾಗಿಲ್ಲ. ಇಷ್ಟೇ ಆಟ. ಮಿಕ್ಕಿದ್ದೆಲ್ಲ ಓಡೋದು, ಬೀಳೋದು.” ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ರೆಂಬೆ ತಗುಲಿದರೂ ಹಿಟ್ ಎಂದು ಕೂಗಿ ಹೊರಗೆ ಬರುತ್ತಿದ್ದೆ. ನೀವೆಲ್ಲ ನನ್ನನ್ನು ‘ಎಲೆ ಬಿದ್ದರೂ ಸಾಯೋ ನೆಗಿಶಿ’ ಎಂದು ರೇಗಿಸುತ್ತಿದ್ದಿರಿ. ನನಗೆ ಅದು ಬಿರುದಿನ ಹಾಗಿತ್ತು.

ಅವತ್ತು ಮನೆಗೆ ಬಂದು ಸ್ನಾನಕ್ಕೆ ಅಂಗಿ ಬಿಚ್ಚಿದೆ. ಟವೆಲ್ ಕೊಡಲು ಬಂದ ಫುಮಿಯೆ ಕಿರುಚಿದಳು.

“ಅಯ್ಯೋ, ಇದೇನ್ರೀ! ಬೆನ್ನು ಬೆಂದು ಹೋಗಿದೆ!”

“ಏನು ಬೆಂದಿದೆ?”

“ಅಂಗೈ ಅಗಲ ಕೆಂಪಾಗಿ ಗುಳ್ಳೆ ಎದ್ದಿದೆ. ಚಳಿಗೆ ಅಂತ ಬಿಸಿಪಟ್ಟಿ ಬನಿಯನ್ನಿಗೆ ಅಂಟಿಸ್ಕೊಂಡು ಅದರ ಮೇಲೆ ಬಿಗಿಯಾಗಿ ಪಟ್ಟಿ ಕಟ್ಕೊಂಡಿದ್ರಾ? ಬೆಳಗಿನಿಂದ? ಉರೀತಿಲ್ವಾ?”

“ಇಲ್ಲ.”

“ಸುಳ್ಳು ಹೇಳ್ಬೇಡಿ.”

“ಇವತ್ತು ಎಲ್ಲರೂ ನನಗೆ ಅದನ್ನೇ ಹೇಳ್ತಿದ್ದಾರೆ,” ಎಂದೆ.

ಅವಳು ಅಡುಗೆಮನೆಗೆ ಹೋಗಿ ಊಟದ ಕಡ್ಡಿಯೊಂದನ್ನು ತಂದಳು. ನನ್ನನ್ನು ಸ್ಟೂಲಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂರಿಸಿದಳು.

“ಮುಟ್ಟಿದ್ದು ಗೊತ್ತಾಯ್ತಾ?”

“ಹೂಂ, ಬಲಗಡೆ.”

“ಈಗ?”

“ಮುಟ್ಟು ಮೊದಲು.”

“ಈಗ?”

“ಚಳಿ ಆಗ್ತಿದೆ, ಬೇಗ ಮುಟ್ಟೇ ಮಾರಾಯ್ತಿ.”

“ರೀ,” ಎಂದಳು ಫುಮಿಯೆ. ಅವಳ ದನಿ ಬದಲಾಗಿತ್ತು. “ಆಗಿನಿಂದ ಚುಚ್ತಾನೇ ಇದ್ದೀನಿ.”

ಮುಂದಿನ ವಾರ ನರದ ವೈದ್ಯರ ಹತ್ತಿರ ಹೋದೆವು. ಡಾಕ್ಟರ್ ಇಸೊಬೆ ಎಂಬ ಹೆಂಗಸು, ನಮ್ಮ ಕಾಲದ ಟಿಕೆಟ್ ತಪಾಸಕರ ಹಾಗೆ ಗಂಭೀರ ಮುಖ. ಹತ್ತಿ, ಸೂಜಿ, ಬಿಸಿನೀರಿನ ಕೊಳವೆ, ತಣ್ಣೀರಿನ ಕೊಳವೆ ಎಲ್ಲವನ್ನೂ ಬೆನ್ನ ಮೇಲೆ ಓಡಾಡಿಸಿ, ತಿಳಿಯುವ ಜಾಗಕ್ಕೂ ತಿಳಿಯದ ಜಾಗಕ್ಕೂ ನಡುವೆ ಪೆನ್ನಿನಿಂದ ಗೆರೆ ಎಳೆದರು. ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆಸಿದರು. ಬೆನ್ನುಹುರಿಯೊಳಗೆ ನೀರಿನ ಒಂದು ಸಣ್ಣ ಗುಳ್ಳೆ ಇದೆಯಂತೆ. ಅದು ಒಳಗಿನಿಂದ ಒತ್ತುತ್ತಾ ಒತ್ತುತ್ತಾ, ಎಡ ಹೆಗಲಿನಿಂದ ಪಕ್ಕೆಲುಬಿನ ಮಧ್ಯದವರೆಗಿನ ಚರ್ಮವನ್ನು ಸುಮ್ಮನಾಗಿಸಿದೆ. ಜೀವಕ್ಕೆ ಸದ್ಯಕ್ಕೆ ಅಪಾಯವಿಲ್ಲ. ಆರು ತಿಂಗಳಿಗೊಮ್ಮೆ ನೋಡಬೇಕು, ಬೆಳೆದರೆ ಶಸ್ತ್ರಚಿಕಿತ್ಸೆ.

ಫುಮಿಯೆ ಅಳುತ್ತಿದ್ದಳು. ನನಗೆ ಹೇಳಲು ನಾಚಿಕೆ, ನನಗೆ ಸಂತೋಷವಾಯಿತು. ನಾನು ಸುಳ್ಳುಗಾರನಲ್ಲ ಎಂದು ಯಂತ್ರವೇ ಹೇಳಿತಲ್ಲ ಎಂದುಕೊಂಡೆ. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನೀನು ನೆನಪಾದೆ. ಅಲ್ಲಿಗೆ ಆ ಸಂತೋಷ ಮುಗಿಯಿತು.

2013, ನವೆಂಬರ್ 17. ನಾನು ನೆನಪಿಟ್ಟುಕೊಂಡ ಹಾಗೆ ಬರೆಯುತ್ತೇನೆ. ತಪ್ಪಿದ್ದರೆ ತಿದ್ದು. ವರ್ಷದ ಕೊನೆಯ ಪಂದ್ಯ. ನಾನು ಹಳದಿ ಪಟ್ಟಿ, ನೀನು ಕೆಂಪು ಪಟ್ಟಿ. ಚೀಟಿ ಎತ್ತಿದಾಗ ಬೇರೆ ಬೇರೆ ತಂಡಕ್ಕೆ ಬಿದ್ದೆವು. ಬೇರೆ ತಂಡದಲ್ಲಿ ಆಡಿದ್ದು ಅಷ್ಟು ವರ್ಷದಲ್ಲಿ ಐದಾರು ಸಲ ಇರಬಹುದು. ನಿಮ್ಮ ಕೋಟೆಯ ಹಾರ್ನ್ ಒತ್ತಿದರೆ ನಾವು ಗೆದ್ದ ಹಾಗೆ. ಆಟ ಮುಗಿಯಲು ಎರಡು ನಿಮಿಷ ಇತ್ತು. ನಾನು ಒಬ್ಬನೇ ಉಳಿದಿದ್ದೆ, ನಿಮ್ಮಲ್ಲಿ ನೀನೊಬ್ಬನೇ. ನೀನು ಬಿದ್ದ ಮರದ ಹಿಂದೆ ಇದ್ದದ್ದು ನನಗೆ ಗೊತ್ತಿರಲಿಲ್ಲ. ನಾನು ನಿನ್ನನ್ನು ದಾಟಿಹೋದೆ. ಹಾರ್ನ್ ಒತ್ತಿದೆ. ನಮ್ಮವರೆಲ್ಲ ಕುಣಿದರು.

ಎಲ್ಲರೂ ಗುಡಾರಕ್ಕೆ ಬಂದು ಕನ್ನಡಕ ತೆಗೆಯುತ್ತಿದ್ದಾಗ ನೀನು ನೇರವಾಗಿ ನನ್ನೆದುರು ಬಂದು ನಿಂತೆ.

“ಕುನಿ, ತಾಗಿತು ಕಣೋ. ಮೂರೂ ಬೆನ್ನಿಗೇ ತಾಗಿತು.”

“ಇಲ್ಲಪ್ಪ.”

“ಇಪ್ಪತ್ತು ಮೀಟರ್ ಇಲ್ಲ. ನಾನು ನೋಡಿದ್ದೀನಿ. ಸಿಡಿದದ್ದು ನೋಡಿದ್ದೀನಿ.”

“ತಾಗಿದ್ರೆ ನಾನು ಹೇಳ್ತಿರ್ಲಿಲ್ವಾ? ರ್ಯೋ, ನಾನು ಕಣೋ!”

ಹೊಡೆದವನು ಕೇಳಬಾರದು ಎಂಬ ನಿಯಮವನ್ನು, ನನಗೆ ಅದನ್ನು ಕಲಿಸಿದ ನೀನೇ, ಮೂವತ್ತು ಜನರೆದುರು ಮುರಿದೆ. ಕಾನೆದಾ ಯಜಮಾನರು ಬಂದರು. ಅವರು ಕೇಳಿದ್ದು ನನ್ನನ್ನು. “ನೆಗಿಶಿ, ತಾಗಿತಾ?” ನಾನು ಇಲ್ಲ ಎಂದೆ. “ನೆಗಿಶಿ ಇಲ್ಲ ಅಂದಮೇಲೆ ಇಲ್ಲ. ಎಲೆ ಬಿದ್ದರೂ ಸಾಯೋ ಮನುಷ್ಯ. ಶಿಮೊಡಾ, ನೀನು ತಪ್ಪಾಯ್ತು ಅನ್ನು, ಮುಗೀತು.” ನೀನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದೆ. ಆಮೇಲೆ ಸೊಂಟದವರೆಗೆ ಬಾಗಿ, “ತಪ್ಪಾಯ್ತು,” ಎಂದೆ. ಸಾಮಾನು ಕಟ್ಟಿಕೊಂಡು ಹೋದೆ. ಮುಂದಿನ ವಸಂತಕ್ಕೆ ಸೆತ್ಸುಕೊ ಅವರ ತವರೂರಿಗೆ ಹೊರಟು ಹೋದಿರಿ ಎಂದು ಕಚೇರಿಯಲ್ಲಿ ಯಾರೋ ಹೇಳಿ ನನಗೆ ಗೊತ್ತಾಯಿತು.

ನಾನು ಆಗ ಏನು ತಿಳಿದಿದ್ದೆ ಎಂದರೆ, ರ್ಯೋ ಸೋಲಿನ ಸಿಟ್ಟಿಗೆ ಹಾಗೆಂದ, ಒಂದು ವಾರದಲ್ಲಿ ಸರಿಹೋಗುತ್ತಾನೆ. ಆಮೇಲೆ ಏನು ತಿಳಿದೆ ಎಂದರೆ, ಇಪ್ಪತ್ತೇಳು ವರ್ಷದ ಗೆಳೆಯ ನನ್ನನ್ನು ಎಲ್ಲರೆದುರು ಸುಳ್ಳ ಎಂದನಲ್ಲ, ಮೊದಲು ಅವನೇ ಬರಲಿ. ಹೀಗೇ ಹತ್ತು ವರ್ಷವಾಯಿತು.

ಈಗ ನನಗೆ ಇರುವುದು ಒಂದೇ ಪ್ರಶ್ನೆ. ಆ ದಿನ ನನ್ನ ಬೆನ್ನು ಸುಮ್ಮನಾಗಿತ್ತೇ, ಇಲ್ಲವೇ?

ಇದೊಂದನ್ನು ಕೇಳಲು ಮಾರ್ಚ್‌ನಲ್ಲಿ ಮತ್ತೆ ಡಾಕ್ಟರ್ ಇಸೊಬೆ ಹತ್ತಿರ ಹೋದೆ.

“ಇದು ಯಾವಾಗ ಶುರುವಾಗಿರಬಹುದು?”

“ಹೇಳೋದು ಕಷ್ಟ. ಇದು ಬಹಳ ನಿಧಾನ. ಹದಿನೈದು ವರ್ಷ ಆಗಿರಬಹುದು, ಮೂರು ವರ್ಷವೂ ಆಗಿರಬಹುದು. ಬೆನ್ನನ್ನ ಯಾರು ನೋಡ್ಕೋತಾರೆ ಹೇಳಿ?”

“2013ರ ನವೆಂಬರ್ 17ಕ್ಕೆ ಇತ್ತಾ?”

ಅವರು ಮೊದಲ ಸಲ ನಕ್ಕರು. “ಹೀಗೆ ದಿನಾಂಕ ಹಾಕಿ ಕೇಳಿದ ಮೊದಲ ರೋಗಿ ನೀವು. ಬೆಳಗ್ಗೆ ಬೇಕಾ, ಮಧ್ಯಾಹ್ನ ಬೇಕಾ?” ನಾನು ನಗದೇ ಇದ್ದದ್ದನ್ನು ನೋಡಿ, “ಯಾಕೆ ಕೇಳ್ತಿದ್ದೀರಿ?” ಎಂದರು. ಹೇಳಿದೆ. ಎಲ್ಲ ಕೇಳಿ, “ಅಂದರೆ, ನನ್ನಿಂದ ನಿಮಗೆ ಬೇಕಾಗಿರೋದು ಔಷಧಿ ಅಲ್ಲ,” ಎಂದರು.

ಫುಮಿಯೆಯನ್ನು ಕೇಳಿದೆ. 2012ರ ಬೇಸಿಗೆಯಲ್ಲಿ ಬೆನ್ನ ತುಂಬ ಸೊಳ್ಳೆ ಕಚ್ಚಿದ್ದರೂ ನಾನು ಕೆರೆದುಕೊಳ್ಳಲಿಲ್ಲವಂತೆ, ಅವಳಿಗೆ ಆಗಲೇ ಆಶ್ಚರ್ಯವಾಗಿತ್ತಂತೆ. ಹಾಗಾದರೆ ಆಗಲೇ ಇತ್ತು. ಆದರೆ ಅವಳೇ ಮರುದಿನ ನೆನಪಿಸಿಕೊಂಡು ಹೇಳಿದಳು: 2015ರಲ್ಲಿ ಹೆಗಲಿಗೆ ಹಚ್ಚಿದ್ದ ನೋವಿನ ಪಟ್ಟಿ ಕಿತ್ತಾಗ ನಾನು ಅಯ್ಯೋ ಎಂದು ಅವಳ ಕೈಗೆ ಹೊಡೆದಿದ್ದೆ. ಹಾಗಾದರೆ ಆಗ ಇರಲಿಲ್ಲ. ಯಾವ ಹೆಗಲು ಎಂದರೆ ಅವಳಿಗೆ ನೆನಪಿಲ್ಲ. ನನಗೂ ಇಲ್ಲ. ಮೂವತ್ತೆಂಟು ವರ್ಷ ಹಳಿ ಪರೀಕ್ಷೆ ಮಾಡಿದವನು ನಾನು. ಎಲ್ಲಿ ಬಿರುಕು, ಯಾವ ದಿನ ಕಂಡಿತು, ಯಾರು ಕಂಡರು ಎಂದು ಬರೆದಿಟ್ಟೇ ಬದುಕಿದೆ. ನನ್ನ ಬೆನ್ನಿನ ಬಗ್ಗೆ ಒಂದು ಸಾಲೂ ಎಲ್ಲಿಯೂ ಇಲ್ಲ.

ಹಾಗೆ ನೋಡಿದರೆ ಇದು ಎರಡು ಕಡೆಯೂ ನಿಲ್ಲುವುದಿಲ್ಲ. ಬೆನ್ನು ಆಗಲೇ ಸುಮ್ಮನಾಗಿದ್ದರೆ ನೀನು ಹೇಳಿದ್ದು ನಿಜ, ನಾನು ಹೇಳಿದ್ದೂ ಸುಳ್ಳಲ್ಲ. ಆದರೂ ಬಾಗಿದವನು ನೀನು, ಊರು ಬಿಟ್ಟವನು ನೀನು. ಆಗಿರದಿದ್ದರೆ ನೀನು ತಪ್ಪು ಕಂಡೆ, ಗುಂಡು ಬೇರೆಲ್ಲೋ ಸಿಡಿಯಿತು. ಆದರೆ ನಿನ್ನ ಕಣ್ಣು ಹಾಗೆ ತಪ್ಪುವ ಕಣ್ಣಲ್ಲ, ಹಳಿಯಲ್ಲಿ ಕೂದಲೆಳೆಯ ಬಿರುಕನ್ನು ನನಗಿಂತ ಮೊದಲು ಕಾಣುತ್ತಿದ್ದವನು. ಬೆಳಗ್ಗೆ ಎದ್ದಾಗ ಒಂದು ಸರಿ ಅನಿಸುತ್ತದೆ, ಊಟದ ಹೊತ್ತಿಗೆ ಇನ್ನೊಂದು.

*

ನಿನ್ನೆ ಇಷ್ಟಕ್ಕೆ ನಿಲ್ಲಿಸಿದ್ದೆ. ಫುಮಿಯೆಯ ತಂಗಿ ಬಂದಳು. ಇವತ್ತು ಸೋಮವಾರ, ಮಳೆ ಬರುವ ಹಾಗಿದೆ.

ಏಪ್ರಿಲ್‌ನಲ್ಲಿ ಮತ್ತೆ ಕಾಡಿಗೆ ಹೋದದ್ದನ್ನು ಹೇಳಲಿಲ್ಲ. ಹೋಗಬಾರದು ಎಂದುಕೊಂಡಿದ್ದೆ. ಯಾಸುಯೊ ಅವರೇ ಫೋನ್ ಮಾಡಿದರು. ನಾನು ಬೆಳಗಿನ ಸಾಲಿನಲ್ಲಿ, ಗುಂಡಿನ ವೇಗ ಅಳೆಯುವ ಮೇಜಿನ ಹತ್ತಿರ, ನಲವತ್ತು ಜನರೆದುರು ನಿಂತು ನನ್ನ ಬೆನ್ನಿನ ವಿಚಾರ ಹೇಳಿದೆ. ವೈದ್ಯರ ಕಾಗದ ತೋರಿಸಲು ಹೋದರೆ ಯಾರೂ ನೋಡಲಿಲ್ಲ. ನಾತ್ಸುಮೆ ಅತ್ತುಬಿಟ್ಟಳು. ಅವಳ ಗಂಡ ಬಂದು, “ತಾತ, ನಾನು ಬಾಯಿಗೆ ಬಂದ ಹಾಗೆ ಮಾತಾಡಿದೆ,” ಎಂದು ತಲೆ ಬಾಗಿಸಿದ. ಇನ್ನೊಬ್ಬ, “ಹಾಗಾದ್ರೆ ನೀವು ಇನ್ನು ಸಾಯೋದೇ ಇಲ್ಲ. ನಮ್ಮ ತಂಡಕ್ಕೆ ಬನ್ನಿ,” ಎಂದ.

ಯಾಸುಯೊ ಅವರು ಒಳಗೆ ಹೋಗಿ ಅಕ್ಕಿ ಬಿಸ್ಕತ್ತಿನ ತಗಡಿನ ಡಬ್ಬಿಯ ಮುಚ್ಚಳ ತಂದರು. ಅದಕ್ಕೆ ಎರಡು ತೂತು ಮಾಡಿ ದಾರ ಪೋಣಿಸಿ, “ಇದನ್ನ ಅಂಗಿ ಒಳಗೆ ಬೆನ್ನಿಗೆ ಕಟ್ಕೊಳಿ. ಚರ್ಮ ಹೇಳದಿದ್ರೆ ತಗಡು ಹೇಳುತ್ತೆ,” ಎಂದರು. ಕಟ್ಟಿಕೊಂಡೆ. ಮೊದಲ ಆಟದಲ್ಲೇ ಟಣ್ ಎಂದಿತು. ಕೈ ಎತ್ತಿ ಹಿಟ್ ಎಂದು ಕೂಗಿದೆ. ಕಾಡಿನ ಆ ತುದಿಯವರೆಗೂ ನಗು. “ನೆಗಿಶಿ ಅವರೇ, ದೇವಸ್ಥಾನಕ್ಕೆ ಬಂದ ಹಾಗಾಯ್ತು. ಇನ್ನೊಂದು ಸಲ ಬಾರಿಸಲಾ?” ಎಂದು ನಾತ್ಸುಮೆ ಪೊದೆಯೊಳಗಿಂದ ಕೂಗಿದಳು. ನಾನೂ ನಕ್ಕೆ. ಫೆಬ್ರವರಿಯಿಂದ ನಕ್ಕಿರಲಿಲ್ಲ.

ಊಟಕ್ಕೆ ಕೂತಾಗ ಅನಿಸಿತು: ಎಷ್ಟು ಸುಲಭವಾಗಿ ಕ್ಷಮಿಸಿಬಿಟ್ಟರು! ಹತ್ತು ವರ್ಷದ ಹಿಂದೆಯೂ ಇಷ್ಟೇ ಸುಲಭವಾಗಿ ನನ್ನನ್ನು ನಂಬಿದ್ದರು. ನಿನ್ನನ್ನು ನೆನೆಯುವವರು ಅಲ್ಲಿ ಯಾಸುಯೊ ಒಬ್ಬರೇ. ಪಾತ್ರೆ ತೊಳೆಯುತ್ತಿದ್ದವರ ಹತ್ತಿರ ಹೋಗಿ ನಿನ್ನ ಹೆಸರು ತೆಗೆದೆ. ಅವರು ತಲೆ ಎತ್ತದೆ ಹೇಳಿದರು:

“ನನಗೆ ಆಸ್ಪತ್ರೆ ವಿಷಯ ಕೇಳಿದ ಕೂಡಲೇ ಶಿಮೊಡಾ ಅವರೇ ನೆನಪಾದ್ರು. ನಮ್ಮೆಜಮಾನ್ರು ಅವತ್ತು ನಿಮ್ಮ ಬೆನ್ನು ನೋಡ್ಬೇಕಿತ್ತು. ಮುಖ ನೋಡಿದ್ರು.”

“ಅವರು ಆಮೇಲೆ ಏನಾದರೂ ಹೇಳಿದ್ರಾ?”

“ಶಿಮೊಡಾ ಬಾಗಿದ ರೀತಿ ಸೋತವನ ಹಾಗಿರಲಿಲ್ಲ ಅಂದ್ರು. ಅಷ್ಟೇ. ಆಮೇಲೆ ಆ ಮಾತು ತೆಗೀಲಿಲ್ಲ. ನೀವು ಬರೆದು ಕೇಳಿ. ಅವರಿಗೆ ಗೊತ್ತಿರುತ್ತೆ ಎಲ್ಲಿ ಹೊಡೆದ್ರು ಅಂತ.”

ಹಾಗೆ ಅವರು ಹೇಳಿದ ಮೇಲೆ ನನಗೆ ಈ ಯೋಚನೆ ಬಂತು. ಕಳೆದ ವಾರ ಡಾಕ್ಟರ್ ಇಸೊಬೆ ಹತ್ತಿರ ಹೋಗಿ ಮತ್ತೆ ಗೆರೆ ಎಳೆಸಿಕೊಂಡು ಬಂದು, ಅವುಗಳ ಮೇಲೆ ಫುಮಿಯೆಯ ಕೈಲಿ ತೆಳುವಾದ ಕಾಗದ ಇಡಿಸಿ, ಬಟ್ಟೆ ಹೊಲಿಯುವವರು ನಕ್ಷೆ ತೆಗೆಯುವ ಹಾಗೆ ನನ್ನ ಬೆನ್ನನ್ನು ಬರೆಸಿಕೊಂಡೆ. ಎರಡು ಹೆಗಲು, ಬೆನ್ನೆಲುಬಿನ ಗೆರೆ, ಸೊಂಟ. ತಿಳಿಯದ ಜಾಗಕ್ಕೆ ಪೆನ್ಸಿಲ್ ತೀಡಿದ್ದಾಳೆ. ಅದು ಹೊಕ್ಕೈಡೊ ದ್ವೀಪದ ಹಾಗೇ ಇದೆ ಎಂದು ನಕ್ಕಳು. ಈ ಪತ್ರದ ಜೊತೆ ಅದನ್ನು ಇಡುತ್ತಿದ್ದೇನೆ. ಮಡಿಕೆ ಬಿಚ್ಚಿ ಮೇಜಿನ ಮೇಲೆ ಹರಡಿಕೋ. ನೀನು ಅವತ್ತು ಗುರಿ ಹಿಡಿದದ್ದು ಎಲ್ಲಿಗೆ, ಸಿಡಿದದ್ದು ಕಂಡದ್ದು ಎಲ್ಲಿ, ಆ ಮೂರು ಜಾಗಕ್ಕೆ ಮೂರು ಚುಕ್ಕೆ ಹಾಕಿ ವಾಪಸ್ ಕಳಿಸು. ನಿನ್ನ ನೆನಪನ್ನು ನಾನು ನಂಬುತ್ತೇನೆ. ಚುಕ್ಕೆಗಳು ತೀಡಿದ ಭಾಗದೊಳಗೆ ಬಿದ್ದರೆ, ನೀನು ಹೊಡೆದದ್ದೂ ನಿಜ, ನನಗೆ ತಾಗದಿದ್ದದ್ದೂ ನಿಜ ಎಂದು ಹೇಳಲು ಒಂದು ಆಧಾರವಾಗುತ್ತದೆ. ನಾನು ಅದನ್ನು ಕಾಡಿನ ಗುಡಾರದಲ್ಲಿ, ಎಲ್ಲರೆದುರು, ನಿನ್ನ ಹೆಸರು ಹೇಳಿ ಓದುತ್ತೇನೆ. ಹೊರಗೆ ಬಿದ್ದರೆ ಏನು ಎಂದು ನನಗೆ ಗೊತ್ತಿಲ್ಲ. ಅದನ್ನೂ ಓದುತ್ತೇನೆ.

ನಿನಗೆ ಇದೆಲ್ಲ ಬೇಡ ಎನಿಸಿದರೆ, ಸಿಟ್ಟು ಇನ್ನೂ ಇದ್ದರೆ, ಖಾಲಿ ಕಾಗದವನ್ನೇ ವಾಪಸ್ ಕಳಿಸು. ನಿನ್ನ ಕೈಯಿಂದ ಬಂದದ್ದು ಎಂದು ಇಟ್ಟುಕೊಳ್ಳುತ್ತೇನೆ.

ಸೆತ್ಸುಕೊ ಅವರ ಮಂಡಿನೋವು ಹೇಗಿದೆ? ಫುಮಿಯೆ ಅವರಿಗೆ ತಾನು ಹೊಲಿದ ದಿಂಬಿನ ಚೀಲ ಕಳಿಸುತ್ತಾಳಂತೆ, ಬೇರೆ ಅಂಚೆಯಲ್ಲಿ ಬರುತ್ತದೆ. ನಿಮ್ಮ ಮನೆಯ ಹೆಂಚು, ಗೋಡೆ ಎಲ್ಲ ಗಟ್ಟಿಯಾಗಿರಲಿ, ನೆಲ ಇನ್ನು ನಡುಗದಿರಲಿ. ನಿನ್ನ ಕಣ್ಣು ಹಾಗೇ ಚುರುಕಾಗಿರಲಿ. ಚಳಿಯಲ್ಲಿ ಬಿಸಿಪಟ್ಟಿ ಅಂಟಿಸಿಕೊಂಡರೆ ಸೆತ್ಸುಕೊ ಅವರಿಗೆ ಹೇಳಿ ಒಂದು ಸಲ ಬೆನ್ನು ನೋಡಿಸಿಕೋ. ನಮ್ಮ ವಯಸ್ಸಿನಲ್ಲಿ ಬೆನ್ನನ್ನು ಬೇರೆಯವರೇ ನೋಡಬೇಕು.

ನಿನ್ನವನೇ ಎಂದು ಬರೆಯುವ ಹಕ್ಕು ಇದ್ದರೆ, ನಿನ್ನವನೇ ಆದ
ಕುನಿಹಿಕೊ

ಮತ್ತೆ: ಲಕೋಟೆ ಅಂಟಿಸುವ ಮೊದಲು ಪೂರ್ತಿ ಓದಿದೆ. ಬರೆದದ್ದರಲ್ಲಿ ಸುಳ್ಳಿಲ್ಲ. ಒಂದನ್ನು ಬರೆದಿಲ್ಲ.

ಅವತ್ತು ಬೆನ್ನಿಗೆ ಏನೂ ತಿಳಿಯಲಿಲ್ಲ, ಆಣೆ ಮಾಡುತ್ತೇನೆ. ಕಿವಿಗೆ ತಿಳಿಯಿತು. ಹಾರ್ನ್ ಆರು ಹೆಜ್ಜೆ ದೂರ ಇರುವಾಗ, ನನ್ನ ಅಂಗಿಯ ಮೇಲೆ, ಹಿಂದೆ, ಟಪ್ ಟಪ್ ಟಪ್ ಎಂದಿತು. ಆ ಸದ್ದು ಏನೆಂದು ಇಪ್ಪತ್ತೇಳು ವರ್ಷ ಆಡಿದವನಿಗೆ ಯಾರೂ ಹೇಳಬೇಕಿಲ್ಲ. ನೋವಾಗಲಿಲ್ಲವಲ್ಲ, ಹಾಗಾದರೆ ತಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಆರು ಹೆಜ್ಜೆ ನಡೆದೆ. ಕಾನೆದಾ ಯಜಮಾನರು ಕೇಳಿದಾಗಲೂ ಅದನ್ನೇ ಹೇಳಿಕೊಂಡೆ. ಈ ಮೂರು ತಿಂಗಳು ವೈದ್ಯರನ್ನು, ಫುಮಿಯೆಯನ್ನು, ಯಾಸುಯೊ ಅವರನ್ನು ಕೇಳುತ್ತಾ ಓಡಾಡಿದ್ದು, ಅವರಲ್ಲಿ ಯಾರಾದರೂ ಆ ಮಾತನ್ನು ನನ್ನ ಪರವಾಗಿ ಹೇಳಲಿ ಎಂದಿರಬೇಕು.

ನಕ್ಷೆಯನ್ನು ಲಕೋಟೆಯಿಂದ ತೆಗೆದಿದ್ದೇನೆ. ಚುಕ್ಕೆ ಬೇಡ. ನೀನು ಎಲ್ಲರೆದುರು “ಮೂರೂ” ಎಂದೆಯಲ್ಲ ರ್ಯೋ, ಅದಕ್ಕೆ ಮೊದಲೇ ನನಗೆ ಗೊತ್ತಿತ್ತು, ಮೂರು ಎಂದು.